ಬೇಸ್ ಕಾಯೋಕೆ ಗೋಲೆಮ್ ಯಾಕೆ, ಬೆಕ್ಕು ಸಾಕಲ್ವಾ?

ಮೈನ್‌ಕ್ರಾಫ್ಟ್ ಅಂದರೆ ಬ್ಲಾಕ್ ಜೋಡಿಸಿ ಮನೆ ಕಟ್ಟಿ ಬದುಕುವ ಆಟ. ಅದನ್ನು ಆಡುವವರು ಹಾಕುವ ಬೇಸ್, ಅಂದರೆ ತಾವು ಕಟ್ಟಿಕೊಂಡ ಮನೆಯ ಸ್ಕ್ರೀನ್‌ಶಾಟ್‌ಗಳನ್ನು ಗಮನಿಸಿ. ಬಾಗಿಲ ಹತ್ತಿರ ಒಂದು ಐರನ್ ಗೋಲೆಮ್, ಅಂದರೆ ಕಬ್ಬಿಣದ ದೈತ್ಯ ಗೊಂಬೆ, ನಿಂತೇ ಇರುತ್ತದೆ. ಕೆಲವರದ್ದು ಜೋಡಿ. ಎಡಕ್ಕೊಂದು, ಬಲಕ್ಕೊಂದು, ದ್ವಾರಪಾಲಕರ ಹಾಗೆ. ನೋಡೋಕೆ ಗತ್ತಾಗಿರುತ್ತದೆ, ಒಪ್ಪಿಕೊಳ್ತೀನಿ. ಆದರೆ ಬೇಸ್ ಕಾಯಲಿ ಅಂತ ಅದನ್ನು ಕಟ್ಟಿ ನಿಲ್ಲಿಸುವುದು ಶುದ್ಧ ದಂಡ. ಆ ಕೆಲಸ ಬೆಕ್ಕಿನದು.

ಬೈಯುವ ಮೊದಲು ಒಂದು ಮಾತು. ನಾನು ಹೇಳ್ತಾ ಇರೋದೆಲ್ಲ ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಎಡಿಷನ್ ಲೆಕ್ಕ. ಮೊಬೈಲ್‌ನಲ್ಲಿ ಬೆಡ್‌ರಾಕ್ ಆಡುವವರಿಗೆ ಅಲ್ಲಲ್ಲಿ ವ್ಯತ್ಯಾಸ ಇರುತ್ತದೆ.

ಕಾವಲು ಇಡುವ ಮೊದಲು ಯಾರಿಂದ ಕಾಯಬೇಕು ಅಂತ ಯೋಚಿಸಬೇಕಲ್ವಾ? ಝಾಂಬಿ ಗೋಡೆ ಒಡೆಯುವುದಿಲ್ಲ. ಹಾರ್ಡ್ ಮೋಡ್‌ನಲ್ಲಿ ಕೆಲವು ಝಾಂಬಿಗಳು ಮರದ ಬಾಗಿಲು ಮುರಿಯುತ್ತವೆ. ಕಬ್ಬಿಣದ ಬಾಗಿಲು ಹಾಕಿದರೆ ಆ ಕಾಟವೂ ಮುಗಿಯಿತು. ಸ್ಕೆಲಿಟನ್ ಬಿಟ್ಟ ಬಾಣ ಗೋಡೆಗೆ ಚುಚ್ಚಿಕೊಂಡು ನಿಲ್ಲುತ್ತದೆ, ಅಷ್ಟೇ. ಜೇಡ ಗೋಡೆ ಹತ್ತುತ್ತದೆ, ಆದರೆ ಮೇಲೆ ಸೂರು ಇದ್ದರೆ ಒಳಗೆ ಬರಲು ದಾರಿ ಇಲ್ಲ. ಕಪ್ಪು ಮೈಯ, ಉದ್ದ ಕಾಲಿನ ಎಂಡರ್‌ಮ್ಯಾನ್ ಅಂಗಳದ ಮಣ್ಣನ್ನೋ ಹುಲ್ಲಿನ ಬ್ಲಾಕನ್ನೋ ಎತ್ತಿಕೊಂಡು ಹೋಗುತ್ತಾನೆ. ಕಲ್ಲಿನ ಗೋಡೆಯ ತಂಟೆಗೆ ಬರುವುದಿಲ್ಲ.

ದಿನನಿತ್ಯದ ಶತ್ರುಗಳಲ್ಲಿ ಮನೆಯನ್ನೇ ಕೆಡವುವವನು ಒಬ್ಬನೇ, ಕ್ರೀಪರ್. ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಲ್ಲುತ್ತಾನೆ, 'ಸ್ಸ್' ಅನ್ನುತ್ತಾನೆ, ಒಂದೂವರೆ ಸೆಕೆಂಡಿನಲ್ಲಿ ಸಿಡಿಯುತ್ತಾನೆ. ಗೋಡೆಯೂ ಹೋಯಿತು, ಗೋಡೆ ಹಿಂದಿನ ಚೆಸ್ಟೂ (ಸಾಮಾನಿಡುವ ಪೆಟ್ಟಿಗೆ) ಹೋಯಿತು, ಚೆಸ್ಟ್ ಒಳಗಿನ ಸಾಮಾನು ಚೆಲ್ಲಾಪಿಲ್ಲಿ.

ಸರಿ, ನಮ್ಮ ಗೋಲೆಮ್ ಏನು ಮಾಡುತ್ತದೆ? ಕ್ರೀಪರ್ ಮೇಲೆ ಕೈ ಎತ್ತುವುದೇ ಇಲ್ಲ! ಅದರ ಸ್ವಭಾವವೇ ಹಾಗೆ.

ಒಂದು ರಾತ್ರಿ ಕಿಟಕಿಯಲ್ಲಿ ನಿಂತು ನೋಡಿ. ಝಾಂಬಿ ನರಳುತ್ತಾ ಬರುತ್ತದೆ. ಗೋಲೆಮ್ ದಡದಡ ಹೋಗಿ ಎರಡೂ ಕೈ ಒಟ್ಟಿಗೆ ಮೇಲಕ್ಕೆ ಬೀಸುತ್ತದೆ. ಝಾಂಬಿ ಗಾಳಿಯಲ್ಲಿ ಚೆಂಡಿನ ಥರ ಹಾರಿ, ಕೆಂಪಾಗಿ, ದೊಪ್ಪನೆ ಬಿದ್ದು, ಹೊಗೆಯಾಗಿ ಹೋಗುತ್ತದೆ. ಆಹಾ ಅನ್ನಿಸುತ್ತದೆ. ಅಷ್ಟರಲ್ಲಿ ಹಿಂದಿನಿಂದ ಕ್ರೀಪರ್ ಬರುತ್ತಾನೆ. ಗೋಲೆಮ್ ಕಾಲಿನ ಪಕ್ಕದಲ್ಲೇ, ಮೈ ಉಜ್ಜಿಕೊಂಡೇ ದಾಟುತ್ತಾನೆ. ಅವನಿಗೆ ಗೋಲೆಮ್ ಬೇಡ, ಕಿಟಕಿಯಲ್ಲಿ ನಿಂತ ನೀವು ಬೇಕು. ಗೋಲೆಮ್ ಸುಮ್ನೆ ಆ ಕಡೆ ಮುಖ ಮಾಡಿ ನಿಂತಿರುತ್ತದೆ. ಮುಂದಿನದ್ದು ಗೊತ್ತಲ್ಲ.

ಇದಕ್ಕೆ ತೆತ್ತ ಬೆಲೆ ನೋಡಿ. ಐರನ್ ಬ್ಲಾಕ್ ನಾಲ್ಕು, ಅಂದರೆ 36 ಇಂಗಾಟ್ (ಕಬ್ಬಿಣದ ಗಟ್ಟಿ). ಮೇಲೆ ಮುಖ ಕೆತ್ತಿದ ಕುಂಬಳಕಾಯಿ. ಐರನ್ ಫಾರ್ಮ್, ಅಂದರೆ ತಾನಾಗಿ ಕಬ್ಬಿಣ ಕೊಡುವ ವ್ಯವಸ್ಥೆ, ಇದ್ದವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಮೊದಲ ವಾರ ಆಡುತ್ತಿರುವವರಿಗೆ? ತಲೆಯಿಂದ ಕಾಲಿನವರೆಗೆ ಐರನ್ ಆರ್ಮರ್‌ಗೆ 24 ಇಂಗಾಟ್ ಬೇಕು. ಕತ್ತಿಗೆ 2, ಪಿಕ್ಯಾಕ್ಸ್‌ಗೆ 3, ಬಕೆಟ್‌ಗೆ 3, ಶೀಲ್ಡ್‌ಗೆ 1. ಎಲ್ಲ ಮಾಡಿಕೊಂಡರೂ ಮೂರು ಉಳಿಯುತ್ತವೆ. ಆ ಕಬ್ಬಿಣವನ್ನು ಬಾಗಿಲಲ್ಲಿ ನಿಲ್ಲಿಸಿ ನೀವು ಬರಿಮೈಯಲ್ಲಿ ಗುಹೆಗೆ ಇಳಿಯುವುದು ಯಾವ ನ್ಯಾಯ?

ಬಾಗಿಲಲ್ಲಿ ನಿಲ್ಲಿಸಿದರೂ ಅದು ನಿಲ್ಲಬೇಕಲ್ಲ! ಅಡ್ಡಾಡುತ್ತಾ ಎಲ್ಲಿಗೋ ಹೋಗಿಬಿಡುತ್ತದೆ. ನೀರಿಗೆ ಬಿದ್ದರೆ ತೇಲುವುದಿಲ್ಲ, ಸಾಯುವುದೂ ಇಲ್ಲ, ಕೆರೆಯ ತಳದಲ್ಲೇ ಓಡಾಡಿಕೊಂಡಿರುತ್ತದೆ. ಹಗ್ಗ ಹಾಕಿ ಬೇಲಿಗೆ ಕಟ್ಟಿದರೆ ಮಾತ್ರ ಕೈಗೆ ಸಿಗುತ್ತದೆ.

ಹಾಗಂತ ಗೋಲೆಮ್ ಕೆಲಸಕ್ಕೆ ಬಾರದ್ದು ಅಂತಲ್ಲ. ಅದರ ಜಾಗ ಹಳ್ಳಿ. ಝಾಂಬಿ ಗೋಡೆಗೆ ಏನೂ ಮಾಡದಿದ್ದರೂ ಹಳ್ಳಿಗರನ್ನು ಬಿಡುವುದಿಲ್ಲ. ಹಾರ್ಡ್ ಮೋಡ್‌ನಲ್ಲಿ ಝಾಂಬಿ ಕೈಯಲ್ಲಿ ಸತ್ತ ಪ್ರತಿ ಹಳ್ಳಿಗನೂ ಝಾಂಬಿಯಾಗಿ ಏಳುತ್ತಾನೆ. ನಾರ್ಮಲ್‌ನಲ್ಲಿ ಅದು ಅರ್ಧಕ್ಕರ್ಧ ಸಾಧ್ಯತೆ. ಕಷ್ಟಪಟ್ಟು ಬೆಳೆಸಿದ ಲೈಬ್ರೇರಿಯನ್ (ಪುಸ್ತಕ ಮಾರುವ ಹಳ್ಳಿಗ) ಹಾಗೆ ಹೋದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಗೋಲೆಮ್ ಬೇಕೇ ಬೇಕು. ಝಾಂಬಿಗಳೂ ಸ್ಕೆಲಿಟನ್‌ಗಳೂ ಗೋಲೆಮ್ ಕಂಡರೆ ಅದರ ಮೇಲೇ ಬೀಳುತ್ತವೆ. ಹಳ್ಳಿಗರು ಅಷ್ಟು ಹೊತ್ತು ಬಚಾವ್. ಅದರ ಆರೋಗ್ಯ 100. ಮೈಯಲ್ಲಿ ಬಿರುಕು ಕಂಡರೆ ಒಂದು ಇಂಗಾಟ್ ಹಚ್ಚಿ, 25 ವಾಪಸ್ ಬರುತ್ತದೆ.

ಹಿಮದ ಗೋಲೆಮ್ ವಿಷಯಕ್ಕೆ ಬಂದರೆ ನಗು ಬರುತ್ತದೆ. ಎರಡು ಹಿಮದ ಬ್ಲಾಕ್, ಒಂದು ಕುಂಬಳಕಾಯಿ, ಅಗ್ಗ. ಆದರೆ ಅದು ಎಸೆಯುವ ಹಿಮದುಂಡೆಯಿಂದ ಯಾರಿಗೂ ಏಟು ಬೀಳುವುದಿಲ್ಲ, ಸುಮ್ನೆ ಹಿಂದಕ್ಕೆ ತಳ್ಳುತ್ತದೆ. ಬ್ಲೇಜ್ ಅನ್ನೋ ಬೆಂಕಿಯ ಶತ್ರುವಿಗೆ ಮಾತ್ರ ನಿಜವಾಗಿ ತಾಗುತ್ತದೆ. ಬ್ಲೇಜ್ ಇರುವುದು ನೆದರ್ ಅನ್ನೋ ಬೆಂಕಿಯ ಲೋಕದಲ್ಲಿ. ನೆದರ್‌ಗೆ ಕಾಲಿಟ್ಟರೆ ಈ ಗೊಂಬೆ ಕರಗಿ ಹೋಗುತ್ತದೆ! ಮರಳುಗಾಡಿನಲ್ಲೂ ಬಾಳುವುದಿಲ್ಲ, ಮಳೆಗೂ ಬಾಳುವುದಿಲ್ಲ. ಸಾಲದ್ದಕ್ಕೆ ತನ್ನ ಪಾಡಿಗೆ ದೂರದಲ್ಲಿದ್ದ ಕ್ರೀಪರ್‌ಗೆ ಉಂಡೆ ಹೊಡೆದು ಕೆಣಕುತ್ತದೆ. ಮನೆ ಗೋಡೆ ಪಕ್ಕದಲ್ಲಿ ಅಂಥದ್ದೊಂದು ಇರಬೇಕಾ?

ನಾಯಿ ಸಾಕುವವರ ಜೊತೆ ಜಗಳ ಆಡೋಕೆ ನನಗೆ ಇಷ್ಟ ಇಲ್ಲ. ನನಗೂ ನಾಯಿ ಇಷ್ಟ. 2024ರ ಅಪ್‌ಡೇಟ್ ಬಂದ ಮೇಲೆ ಅದಕ್ಕೆ ಬಲವೂ ಬಂದಿದೆ. ಆಟದಲ್ಲಿ ನಾಯಿ ಅಂದರೆ ಸಾಕಿದ ತೋಳ. ಅದರ ಆರೋಗ್ಯ 20 ಇದ್ದದ್ದು 40 ಆಯಿತು, ಆರ್ಮಡಿಲೋ ಚಿಪ್ಪಿನ ಕವಚವೂ ಸಿಗುತ್ತದೆ. ಆದರೆ ಮನೆ ಕಾಯುವ ವಿಷಯದಲ್ಲಿ ಒಂದು ಫಜೀತಿ ಇದೆ. ಕೂರಿಸಿ ಹೋದರೆ ಅದು ಎದ್ದು ಹೋಗಿ ಹೊಡೆದಾಡುವುದಿಲ್ಲ. ಎಬ್ಬಿಸಿದರೆ ಮನೆಯಲ್ಲಿ ನಿಲ್ಲುವುದಿಲ್ಲ, ನಿಮ್ಮ ಬೆನ್ನಿಗೇ ಬರುತ್ತದೆ. ಕ್ರೀಪರ್ ಸುದ್ದಿಗೆ ಅದೂ ಹೋಗುವುದಿಲ್ಲ. ನಾಯಿ ಜೊತೆಗಾರ, ಕಾವಲುಗಾರ ಅಲ್ಲ. ಸ್ಕೆಲಿಟನ್ ಜಾಸ್ತಿ ಇರುವ ಕಡೆ ಕರೆದುಕೊಂಡು ಹೋಗಿ, ಆಗ ಗೊತ್ತಾಗುತ್ತದೆ ಅದರ ಬೆಲೆ.

ಇನ್ನು ಬೆಕ್ಕು. ಅದು ಯಾರನ್ನೂ ಹೊಡೆಯುವುದಿಲ್ಲ, ಕಚ್ಚುವುದಿಲ್ಲ. ಸುಮ್ನೆ ಕೂತಿರುತ್ತದೆ. ಕೂತ ಜಾಗದಿಂದ ಆರು ಬ್ಲಾಕ್ ಒಳಗೆ ಕ್ರೀಪರ್ ಬಂದರೆ ತಿರುಗಿ ಓಡುತ್ತಾನೆ. ನಿಮ್ಮನ್ನೇ ನೋಡುತ್ತಾ ನೇರ ಬರುತ್ತಿದ್ದವನು ಗಕ್ಕನೆ ನಿಂತು, ಬೆನ್ನು ತಿರುಗಿಸಿ ಓಡುವುದನ್ನು ನೋಡೋದೇ ಒಂದು ಮಜಾ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಾನೆ, ಮತ್ತೆ ಓಡುತ್ತಾನೆ. ಬೆಳಗಿನವರೆಗೂ ಇದೇ ನಾಟಕ. ಬೆಕ್ಕು ಬಾಲ ಮಡಚಿಕೊಂಡು ಕೂತಲ್ಲೇ ಇರುತ್ತದೆ.

ಸಾಕುವುದೂ ಸುಲಭ. ಹಳ್ಳಿಯಲ್ಲಿ ಬೀದಿ ಬೆಕ್ಕುಗಳು ಸಿಗುತ್ತವೆ. ಹಸಿ ಕಾಡ್ ಅಥವಾ ಸಾಲ್ಮನ್ ಮೀನು ಕೈಯಲ್ಲಿ ಹಿಡಿದು ಅಲುಗಾಡದೆ ನಿಲ್ಲಿ, ಅದೇ ಹತ್ತಿರ ಬರುತ್ತದೆ. ನೀವು ಅದರ ಹಿಂದೆ ಓಡಿದರೆ ಮುಗಿಯಿತು, ಬೆದರಿ ಓಡಿಹೋಗುತ್ತದೆ. ಬೇಸಿಗೆ ತಂದ ಮೇಲೆ ಮರೆಯದೆ ಕೂರಿಸಿ. ಇಲ್ಲದಿದ್ದರೆ ನೀವು ಹೋದಲ್ಲೆಲ್ಲ ಬರುತ್ತದೆ, ಮನೆಯಲ್ಲಿದ್ದರೆ ಚೆಸ್ಟ್ ಮೇಲೇ ಹೋಗಿ ಕೂರುತ್ತದೆ. ಬೆಕ್ಕು ಕೂತ ಚೆಸ್ಟ್ ತೆರೆಯುವುದಿಲ್ಲ. ಅವಸರದಲ್ಲಿ ಇದ್ದಾಗ ಇದಕ್ಕಿಂತ ಸಿಟ್ಟು ಬರಿಸುವ ವಿಷಯ ಇನ್ನೊಂದಿಲ್ಲ.

ಆರು ಬ್ಲಾಕ್ ಅಂದರೆ ಚಿಕ್ಕ ವೃತ್ತ. ಹಾಗಾಗಿ ದೊಡ್ಡ ಬೇಸಿಗೆ ಒಂದು ಬೆಕ್ಕು ಸಾಲದು. ಗೋಡೆಯುದ್ದಕ್ಕೂ ಹತ್ತು ಬ್ಲಾಕಿಗೊಂದರಂತೆ ಇಟ್ಟರೆ ಒಂದರ ವೃತ್ತ ಇನ್ನೊಂದಕ್ಕೆ ತಾಗುತ್ತದೆ.  ಮಾಳಿಗೆ ಮೇಲೂ ಒಂದಿರಲಿ. ಆಟದ ಮೂರು ದಿನ, ಅಂದರೆ ನಮ್ಮ ಒಂದು ಗಂಟೆ, ಮಲಗದೆ ಕೆಲಸ ಮಾಡಿದರೆ ರಾತ್ರಿ ಫ್ಯಾಂಟಮ್ ಅನ್ನೋ ಹಾರುವ ಶತ್ರುಗಳು ಮೇಲಿಂದ ಎರಗುತ್ತವೆ. ಅವಕ್ಕೂ ಬೆಕ್ಕು ಆಗಿಬರುವುದಿಲ್ಲ, 16 ಬ್ಲಾಕ್ ಹತ್ತಿರಕ್ಕೆ ಬರುವುದಿಲ್ಲ. ಗೋಲೆಮ್ ಆಕಾಶಕ್ಕೆ ಕೈ ಚಾಚಿ ಏನು ಮಾಡೀತು?

ಟಾರ್ಚ್ ಹಚ್ಚಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅರ್ಧ ನಿಜ. 2021ರ 1.18 ಅಪ್‌ಡೇಟ್ ನಂತರ ಓವರ್‌ವರ್ಲ್ಡ್‌ನಲ್ಲಿ (ಆಟದ ಮುಖ್ಯ ಲೋಕ) ಟಾರ್ಚಿನ ಬೆಳಕು ಒಂದಿಷ್ಟಾದರೂ ಬಿದ್ದ ಕಡೆ ಕ್ರೀಪರ್, ಝಾಂಬಿ ಹುಟ್ಟುವುದಿಲ್ಲ. ಮೊದಲಿನಷ್ಟು ಟಾರ್ಚ್ ಚುಚ್ಚಬೇಕಾಗಿಲ್ಲ. ಆದರೆ ಕತ್ತಲಲ್ಲಿ ಹುಟ್ಟಿದವನು ಬೆಳಕಿಗೆ ನಡೆದು ಬರುವುದನ್ನು ಟಾರ್ಚ್ ತಡೆಯುವುದಿಲ್ಲ. ಹಾಗಾಗಿ ಅಂಗಳಕ್ಕೆ ಟಾರ್ಚ್, ಅಂಚಿಗೆ ಬೆಕ್ಕು.

'ನಾನು ದೂರ ಗಣಿಗೆ ಹೋದಾಗ ಮನೆ ಯಾರು ನೋಡಿಕೊಳ್ಳುತ್ತಾರೆ, ಅದಕ್ಕೇ ಗೋಲೆಮ್' ಅನ್ನುವವರಿಗೂ ಒಂದು ಮಾತು. ನೀವು ಸಾಕಷ್ಟು ದೂರ ಹೋದರೆ ಆ ಜಾಗದ ಆಟವೇ ನಿಂತುಹೋಗುತ್ತದೆ. ಕ್ರೀಪರೂ ಅಲುಗುವುದಿಲ್ಲ, ಗೋಲೆಮೂ ಅಲುಗುವುದಿಲ್ಲ. ನೀವಿಲ್ಲದ ಮನೆಗೆ ಅಪಾಯವೇ ಇಲ್ಲ. ಇನ್ನು ಸರ್ವರ್‌ನಲ್ಲಿ ಕಳ್ಳರ ಭಯ ಅಂತೀರಾ? ನೀವು ಕಟ್ಟಿದ ಗೋಲೆಮ್ ಯಾವ ಆಟಗಾರನ ಮೇಲೂ ಕೈ ಮಾಡುವುದಿಲ್ಲ. ಕಳ್ಳ ಅದರ ಮುಂದೆಯೇ ನಿಮ್ಮ ಡೈಮಂಡ್ ಎತ್ತಿಕೊಂಡು ಹೋಗಬಹುದು. ಅಲ್ಲಿ ಬೆಕ್ಕಿನಿಂದಲೂ ಏನೂ ಆಗುವುದಿಲ್ಲ, ಚೆಸ್ಟನ್ನೇ ಎಲ್ಲಾದರೂ ಬಚ್ಚಿಡಬೇಕು.

ಚಂದಕ್ಕೆ ಗೋಲೆಮ್ ಬೇಕೇ ಬೇಕು ಅನ್ನುವವರು ಇಟ್ಟುಕೊಳ್ಳಿ, ಬೇಡ ಅನ್ನೋಕೆ ನಾನ್ಯಾರು. ಅದರ ಪಕ್ಕದಲ್ಲಿ ಒಂದು ಬೆಕ್ಕನ್ನೂ ಕೂರಿಸಿ. 2025ರಲ್ಲಿ ಬಂದ ತಾಮ್ರದ ಗೋಲೆಮನ್ನು ಮಾತ್ರ ಹೊರಗೆ ನಿಲ್ಲಿಸಬೇಡಿ. ಅದು ಹೊಡೆದಾಡುವ ಪೈಕಿಯೇ ಅಲ್ಲ. ತಾಮ್ರದ ಚೆಸ್ಟಿನಿಂದ ಸಾಮಾನು ತೆಗೆದು ಬೇರೆ ಚೆಸ್ಟ್‌ಗಳಿಗೆ ವಿಂಗಡಿಸಿ ಹಾಕುವುದು ಅದರ ಕೆಲಸ. ಒಳಗಿಡಿ.