ದೊಡ್ಡ ತರಗತಿಯ ಮಕ್ಕಳು ಚಿಕ್ಕವರಿಗೆ ವಿಜ್ಞಾನ ಕಲಿಸಬಹುದಾ?

ಪರ
(ಬರೆದವರು: ಕುಮಟಾ ತಾಲೂಕಿನ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ)

ಕಲಿಸಬಹುದಾ ಅಂತ ಈಗ ಕೇಳುತ್ತಿದ್ದೀರಿ. ಅವರು ಯಾವತ್ತಿನಿಂದಲೋ ಕಲಿಸುತ್ತಲೇ ಇದ್ದಾರೆ. ಹೊಳೆಯಲ್ಲಿ ಈಜುವುದು, ಗಾಳ ಕಟ್ಟುವುದು, ಸೈಕಲ್ ಚೈನ್ ಕೂರಿಸುವುದು, ಇದನ್ನೆಲ್ಲ ನಮ್ಮ ಕರಾವಳಿ ಮಕ್ಕಳಿಗೆ ಹೇಳಿಕೊಟ್ಟದ್ದು ಅಣ್ಣ ಅಕ್ಕಂದಿರು. ವಿಜ್ಞಾನಕ್ಕೆ ಮಾತ್ರ ಯಾಕೆ ಬೇಲಿ?

ನಮ್ಮಲ್ಲಿ ಒಂಬತ್ತನೇ ತರಗತಿಯವರು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಶನಿವಾರ ಪ್ರಯೋಗ ಮಾಡಿಸುತ್ತಾರೆ. ಖರ್ಚಿನ ಸಾಮಾನು ಏನೂ ಇಲ್ಲ. ಬಳಚಿನ ಚಿಪ್ಪು, ನಿಂಬೆಹಣ್ಣು, ಅರಿಶಿನ, ಸುಣ್ಣ, ಉಪ್ಪು. ಚಿಪ್ಪನ್ನು ಕುಟ್ಟಿ ನಿಂಬೆರಸಕ್ಕೆ ಹಾಕಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಚಿಪ್ಪಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪು. "ಇದು ಆರತಿ ಓಕುಳಿ!" ಅಂತ ಚಿಕ್ಕವರೇ ಕೂಗುತ್ತಾರೆ. ಅದಕ್ಕೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಆಗ ಕೂಗು ನಿಂತು ಎಲ್ಲರೂ ಲೋಟದ ಮೇಲೆ ಬಗ್ಗುತ್ತಾರೆ.

ಒಮ್ಮೆ ಮೊಟ್ಟೆ ತೇಲಿಸುವ ಪ್ರಯೋಗ ಇತ್ತು. ನಮ್ಮ ಹುಡುಗಿ ಬಾವಿ ನೀರಿನಲ್ಲಿ ಮೊಟ್ಟೆ ಮುಳುಗಿಸಿ ತೋರಿಸಿದಳು. ಉಪ್ಪು ಹಾಕಿ ಕಲಕಿ ತೇಲಿಸಿದಳು. ಅಷ್ಟರಲ್ಲಿ ಒಬ್ಬ ಪೋರ, "ಅಕ್ಕಾ, ಹಂಗಾರೆ ಸಮುದ್ರದಲ್ಲಿ ತೇಲ್ತದಾ?" ಅಂದ. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. "ಗೊತ್ತಿಲ್ಲ, ನೀರು ತಂದು ನೋಡುವ" ಅಂದಳು.

ಮುಂದಿನ ವಾರ ಬಾಟಲಿಯಲ್ಲಿ ಸಮುದ್ರದ ನೀರು ಬಂತು. ಮೊಟ್ಟೆ ಸೀದಾ ತಳಕ್ಕೆ ಹೋಯಿತು! ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ತಾಜಾ ಮೊಟ್ಟೆಗೆ ಅದು ಸಾಲದು, ಹೆಚ್ಚುಕಡಿಮೆ ಮೂರು ಪಟ್ಟು ಬೇಕು. ಇದನ್ನು ಅವರು ಚಮಚ ಚಮಚ ಉಪ್ಪು ಹಾಕುತ್ತ ತಾವೇ ಕಂಡುಕೊಂಡರು. ಆಗ ಹಿಂದೆ ಕೂತಿದ್ದ ಒಂದು ಹುಡುಗಿ ಬಾಯಿ ಬಿಟ್ಟಳು. "ಸಾಣಿಕಟ್ಟಾ ಆಗರದ ನೀರಲ್ಲಿ ತೇಲ್ತದೆ. ಅಲ್ಲಿ ನೀರು ಬತ್ತಿರ್ತದೆ." ಅವಳ ಅಮ್ಮ ಉಪ್ಪಿನ ಆಗರಕ್ಕೆ ಕೆಲಸಕ್ಕೆ ಹೋಗುತ್ತಾರೆ. ಆ ಹುಡುಗಿ ತರಗತಿಯಲ್ಲಿ ತಾನಾಗಿ ಮಾತಾಡಿದ್ದೇ ಇಲ್ಲ ಅಂತ ಅವಳ ಟೀಚರ್ ಆಮೇಲೆ ಹೇಳಿದರು. ನಾನು ಕೇಳಿದ್ದರೆ ಅವಳು ಉತ್ತರ ಕೊಡುತ್ತಿದ್ದಳಾ? ಖಂಡಿತ ಇಲ್ಲ. ಅಕ್ಕನ ಎದುರು ಮರ್ಯಾದೆ ಹೋಗುವ ಭಯ ಇಲ್ಲ, ಅದೇ ಇಡೀ ಗುಟ್ಟು.

ಲಾಭ ಚಿಕ್ಕವರಿಗಷ್ಟೇ ಅಂದುಕೊಳ್ಳಬೇಡಿ. ಒಂಬತ್ತನೇ ತರಗತಿಯಲ್ಲಿ ಸಾಂದ್ರತೆಗೆ ನಾನು ಸವೆಸಿದ ಸೀಮೆಸುಣ್ಣ ಎಲ್ಲ ದಂಡ. ಕಲಿಸಲು ನಿಂತ ಆ ಹುಡುಗಿ ಸೋಮವಾರ ಪುಸ್ತಕ ಹಿಡಿದು ತಾನಾಗಿ ಬಂದಳು.

ಬೇಡ ಅನ್ನುವವರ ಹತ್ತಿರ ಒಂದೇ ಚಿತ್ರ ಇರುತ್ತದೆ: ಮಕ್ಕಳ ಕೈಯಲ್ಲಿ ಆಸಿಡ್ ಬಾಟಲಿ, ಶಾಲೆಗೆ ಬೆಂಕಿ. ನಿಂಬೆಹಣ್ಣಿನಿಂದ ಯಾವ ಶಾಲೆ ಸುಟ್ಟಿದೆ ಹೇಳಿ. ಮಕ್ಕಳು ತಪ್ಪು ಹೇಳಿಕೊಟ್ಟರೆ ಅಂತಲೂ ಕೇಳುತ್ತಾರೆ. ದೊಡ್ಡವರು ಹೇಳಿಕೊಟ್ಟದ್ದೆಲ್ಲ ಸರಿ ಇತ್ತಾ?

ವಿರೋಧ
(ಬರೆದವರು: ನಿವೃತ್ತ ಮುಖ್ಯಾಧ್ಯಾಪಕರು, ಶಿರಸಿ)

ವಿರೋಧ ಬರೆಯಲು ಯಾರೂ ಸಿಗಲಿಲ್ಲವಂತೆ, ನನಗೆ ಅಂಟಿಸಿದರು. ಮಕ್ಕಳು ಮಕ್ಕಳಿಗೆ ಕಲಿಸುವುದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ಇದೇನು ಹೊಸ ಸಂಗತಿಯಲ್ಲ. ಮದ್ರಾಸಿನ ಅನಾಥ ಹುಡುಗರ ಶಾಲೆಯಲ್ಲಿ ದೊಡ್ಡವರಿಂದ ಚಿಕ್ಕವರಿಗೆ ಪಾಠ ಹೇಳಿಸಿದ ಆಂಡ್ರ್ಯೂ ಬೆಲ್, 1797ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಇಂಗ್ಲೆಂಡಿನಲ್ಲಿ ಆ ಪದ್ಧತಿ ಹಬ್ಬಿತು. ಅಗ್ಗ ಅಲ್ವಾ? ಒಬ್ಬ ಮಾಸ್ತರರು, ನೂರಾರು ಹುಡುಗರು. ನಮ್ಮಲ್ಲೂ ಮಾಸ್ತರರ ಹುದ್ದೆ ಖಾಲಿ ಬಿಟ್ಟು, ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಇಂಥ ಕಾರ್ಯಾಗಾರದ ಫೋಟೋ ತೋರಿಸಿದರೆ ಆಶ್ಚರ್ಯ ಇಲ್ಲ. ದೊಡ್ಡ ಮಕ್ಕಳಿಗೆ ಪರೀಕ್ಷೆಯ ಗಡಿಬಿಡಿ ಇರುತ್ತದೆ ಅನ್ನುವುದೂ ಒಂದು ಕಾರಣ, ಅದನ್ನು ಎಲ್ಲರೂ ಹೇಳುತ್ತಾರೆ.

ನನ್ನ ತಕರಾರು ಮೇಣದ ಬತ್ತಿಯದ್ದು. ಮೊಮ್ಮಗಳು ಇಂಥದೇ ಒಂದು ಕಾರ್ಯಾಗಾರದಿಂದ ಬಂದವಳು ಸಂಜೆ ಜಗಲಿಯಲ್ಲಿ ತಟ್ಟೆ ಇಟ್ಟಳು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. "ಅಜ್ಜ, ಆಮ್ಲಜನಕ ಖಾಲಿ ಆತು, ಆ ಜಾಗಕ್ಕೆ ನೀರು ಬಂತು" ಅಂದಳು. ಯಾರು ಹೇಳಿದ್ದು ಅಂದರೆ, "ಒಂಬತ್ತನೇ ಕ್ಲಾಸಿನ ಅಣ್ಣ ಹೇಳಿದ್ದ."

ಎರಡು ಬತ್ತಿ ಇಡು ಅಂದೆ. ನೀರು ಇನ್ನೂ ಮೇಲೆ ಬಂತು. ಲೋಟ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ, ಮತ್ತೆ ನೀರು ಯಾಕೆ ಜಾಸ್ತಿ? ಬತ್ತಿ ಉರಿಯುವಾಗ ನೀರು ಸುಮ್ನೆ ಇದ್ದು, ಆರಿದ ಮೇಲೇ ಸರ್ರನೆ ಏರಿದ್ದು ಯಾಕೆ? ನಿಜ ಏನೆಂದರೆ ಬಿಸಿಗೆ ಗಾಳಿ ಹಿಗ್ಗಿ, ಲೋಟ ಮುಚ್ಚುವಾಗಲೇ ಒಂದಿಷ್ಟು ಹೊರಗೆ ಹೋಗಿರುತ್ತದೆ. ಬುಡದಲ್ಲಿ ಗುಳ್ಳೆ ಬರುವುದನ್ನು ನೋಡಬಹುದು. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಗೆ ದಬ್ಬುತ್ತದೆ. ಅಲ್ಲದೆ ಬತ್ತಿ ಆರುವಾಗ ಆಮ್ಲಜನಕ ಬೇಕಾದಷ್ಟು ಉಳಿದೇ ಇರುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಊಟದ ಹೊತ್ತು ಮೀರಿತು. ಅವಳು ಒಪ್ಪಲಿಲ್ಲ. "ಅಣ್ಣ ಸುಳ್ಳು ಹೇಳ್ತ್ನಿಲ್ಲೆ" ಅಂತ ಮುಖ ಊದಿಸಿಕೊಂಡು ಕೂತಳು. ನನಗೆ ಹೆದರಿಕೆ ಆಗುವುದು ಇಲ್ಲೇ. ಮಾಸ್ತರರ ಮಾತನ್ನು ಮಕ್ಕಳು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅಣ್ಣನ ಮಾತು ಹಾಗಲ್ಲ, ಅದು ಕೂತುಬಿಡುತ್ತದೆ. ಆ ಹುಡುಗನಿಗಾದರೂ ಯಾರೋ ಹಾಗೇ ಹೇಳಿರಬೇಕು ಬಿಡಿ.

ಅಷ್ಟು ಹಟ ಇದ್ದರೆ ಮಾಡಿಸಿ, ಆದರೆ ಮಾಸ್ತರರು ಹಿಂದಿನ ಬೆಂಚಿನಲ್ಲಿ ಕೂತಿರಬೇಕು. ಅವರು ಆ ಹೊತ್ತಿನಲ್ಲಿ ಆಫೀಸು ಕೋಣೆಯಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಿದ್ದರೆ, ನನ್ನ ಹೆಸರು ವಿರೋಧದ ಪಟ್ಟಿಯಲ್ಲೇ ಇರಲಿ.