ಸದ್ದು ನಿಂತಾಗಲೂ ನಗ್ತೀರಲ್ಲ!

ಇವತ್ತು ಬೆಳಿಗ್ಗೆ ನಮ್ಮ ಮನೆಯವರ ವಾಟ್ಸ್ಆಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಮದುವೆ ಛತ್ರ. ಆರತಕ್ಷತೆ ಮುಗಿಸಿ, ಜಮಖಾನದ ಮೇಲೆ ಅಂಗಾತ ಮಲಗಿದ ನಮ್ಮ ಸೋದರಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ. ಯಾವನೋ ಪುಣ್ಯಾತ್ಮ ಪಕ್ಕದಲ್ಲಿ ಜೆಸಿಬಿ ಚಿತ್ರ ಬೇರೆ ಅಂಟಿಸಿದ್ದಾನೆ. ಕೆಳಗೆ ನಗುವ ಮುಖಗಳ ಸಾಲು. "ಕುಂಭಕರ್ಣನ ತಮ್ಮ" ಅಂತ ಒಬ್ಬರು. (ಕುಂಭಕರ್ಣನ ತಮ್ಮ ವಿಭೀಷಣ ಕಣಪ್ಪಾ, ಪಾಪ ಅವನೇನು ಮಾಡಿದ?) "ಅತ್ತೆಗೆ ಪರಮವೀರ ಚಕ್ರ ಕೊಡಬೇಕು" ಅಂತ ಇನ್ನೊಬ್ಬರು.

ವಿಡಿಯೋದ ನಡುವೆ ಸದ್ದು ಪೂರ್ತಿ ನಿಲ್ಲುತ್ತದೆ. ಎದೆ, ಹೊಟ್ಟೆ ಏಳುತ್ತಿವೆ, ಇಳಿಯುತ್ತಿವೆ. ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಆಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಬೆಚ್ಚಿಬಿದ್ದು, ಗೊರ್ ಅಂತ ಉಸಿರೆಳೆದು, ಮತ್ತೆ ಶುರು. ವಿಡಿಯೋ ಮಾಡುತ್ತಿದ್ದ ಹುಡುಗರು ಬಿದ್ದು ಬಿದ್ದು ನಕ್ಕಿದ್ದು ಅಲ್ಲೇ.

ನನಗೆ ಪಿತ್ತ ನೆತ್ತಿಗೇರಿದ್ದೂ ಅಲ್ಲೇ.

ನಾನು ಹಲ್ಲಿನ ಲ್ಯಾಬಿನವಳು ಅಂತ ನಿಮಗೆ ಗೊತ್ತೇ ಇದೆ. ದಿನವಿಡೀ ಬೇರೆಯವರ ಬಾಯಿಯ ಅಚ್ಚುಗಳ ಜೊತೆ ಬದುಕು. ಡಾಕ್ಟರ್ ಅಲ್ಲ. ಆದರೆ ಗೊರಕೆಗೆ ಹಾಕುವ ಸಾಧನಗಳನ್ನು ಮಾಡಿ ಮಾಡಿ ಒಂದು ವಿಷಯ ತಿಳಿದಿದೆ. ನಮ್ಮ ಜನಕ್ಕೆ ಗೊರಕೆಯ ಸದ್ದಿನದೇ ಚಿಂತೆ. ಒಳಗೆ ಹೋಗದ ಉಸಿರು ಯಾರ ತಲೆಗೂ ಬರುವುದಿಲ್ಲ.

ಅತ್ತೆಗೆ ಫೋನ್ ಮಾಡಿದೆ. "ಅಯ್ಯೋ ಬಿಡೇ, ಮದುವೆಯಾದಾಗಿನಿಂದ ಇದೇ ಕಥೆ. ಉಸಿರು ನಿಂತಾಗ ನಾನೇ ಒಂದು ತಟ್ಟುತ್ತೀನಿ, ಮತ್ತೆ ಶುರುವಾಗುತ್ತೆ" ಅಂದರು. ಎಷ್ಟು ಸಲೀಸಾಗಿ ಹೇಳಿದರು ಅಂದರೆ, ಹಾಲು ಉಕ್ಕದ ಹಾಗೆ ನೋಡಿಕೊಳ್ತೀನಿ ಅನ್ನುವಷ್ಟೇ ಸಲೀಸು. ಅಂದರೆ ಇಷ್ಟು ವರ್ಷ ಈ ಹೆಂಗಸು ರಾತ್ರಿಯಿಡೀ ಗಂಡನ ಉಸಿರು ಕಾಯುತ್ತಾ ಅರೆನಿದ್ದೆ ಮಾಡಿದ್ದಾರೆ. ಮಾವನಿಗೆ ಬಿಪಿ ಇದೆ, ಮಾತ್ರೆ ಮೇಲೆ ಮಾತ್ರೆ. ಮಧ್ಯಾಹ್ನ ಪೇಪರ್ ಹಿಡಿದುಕೊಂಡೇ ತೂಕಡಿಸುತ್ತಾರೆ. ಎರಡೂ ಈ ಕಟ್ಟುವ ಉಸಿರಿನ ಫಲವೇ ಇರಬಹುದು. ಈಗಲೂ ಕಾರು ಅವರೇ ಓಡಿಸುತ್ತಾರೆ. ಇದ್ಯಾವುದಕ್ಕೂ ನಗುವ ಎಮೋಜಿ ಬರಲಿಲ್ಲ ನೋಡಿ.

ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ನಾಲಿಗೆ ಹಿಂದಕ್ಕೆ ಜಾರುತ್ತದೆ, ದಾರಿ ಕಿರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ನುಗ್ಗುವಾಗ ಕಿರುನಾಲಿಗೆ, ಮೆದು ಅಂಗುಳ ಎಲ್ಲ ತಂತಿ ಮೇಲೆ ಒಣಗಿಹಾಕಿದ ಪಂಚೆಯ ಹಾಗೆ ಪಟಪಟ ಬಡಿದುಕೊಳ್ಳುತ್ತವೆ. ಅದು ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದೇ ಇಲ್ಲ. ಅಲ್ಲಿರುವುದು ಕಾಯಿಲೆ, ಸ್ಲೀಪ್ ಅಪ್ನಿಯಾ. 10 ಸೆಕೆಂಡ್ ಅಥವಾ ಜಾಸ್ತಿ ಹೊತ್ತು ಉಸಿರು ಕಟ್ಟಿದರೆ ಒಂದು ಲೆಕ್ಕ. ಉಸಿರು ತೀರಾ ಕಮ್ಮಿಯಾದದ್ದನ್ನೂ ಸೇರಿಸಿ ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 30 ದಾಟಿದರೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ! 2022ರಲ್ಲಿ ಹಿಂದಿ ಸಿನಿಮಾ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ಅವರ ಡಾಕ್ಟರು ಈ ಕಾಯಿಲೆಯ ಹೆಸರು ಹೇಳಿದ್ದರು. ಆಗ ಎರಡು ದಿನ ಎಲ್ಲರೂ ಗೂಗಲ್ ಮಾಡಿದರು. ಮೂರನೇ ದಿನ ಮತ್ತೆ ಜೆಸಿಬಿ ಜೋಕು.

ನಾವು ಮಾಡುವುದು ರಾತ್ರಿ ಹಲ್ಲಿಗೆ ಹಾಕಿಕೊಂಡು ಮಲಗುವ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ. ಅದರ ಉಪಾಯ ಬಲು ಸರಳ. ನಾಲಿಗೆಯ ಬುಡ ಕೆಳದವಡೆಯ ಒಳಬದಿಗೆ ಅಂಟಿಕೊಂಡಿದೆ. ದವಡೆ ಮುಂದೆ ಬಂದರೆ ನಾಲಿಗೆಯೂ ಅದರ ಹಿಂದೆ ಬರಲೇಬೇಕು, ಗಂಟಲಲ್ಲಿ ಜಾಗವಾಗುತ್ತದೆ. ಪ್ರಜ್ಞೆ ತಪ್ಪಿದವರ ದವಡೆಯನ್ನು ಅರಿವಳಿಕೆ ಡಾಕ್ಟರು ಕೈಯಲ್ಲಿ ಮುಂದಕ್ಕೆತ್ತುವುದೂ ಇದಕ್ಕೇ. ದವಡೆ ಮುಂದೆ ತಂದು ಉಸಿರಿನ ದಾರಿ ಬಿಡಿಸುವ ಯೋಚನೆ ಫ್ರಾನ್ಸಿನ ಪಿಯರ್ ರಾಬಿನ್ ಎಂಬ ವೈದ್ಯನಿಗೆ ನೂರು ವರ್ಷದ ಹಿಂದೆಯೇ ಬಂದಿತ್ತು. ಹೊಸ ಮಾಯಾಜಾಲವೇನಲ್ಲ.

ಕೆಲಸ ಮಾತ್ರ ನಾಜೂಕು. ಮೇಲಿನ ಕೆಳಗಿನ ಹಲ್ಲಿನ ಅಚ್ಚು ಬರುತ್ತದೆ, ಇಲ್ಲವೇ ಸ್ಕ್ಯಾನ್ ಫೈಲ್. ಜೊತೆಗೆ ದವಡೆಯನ್ನು ಎಷ್ಟು ಮುಂದೆ ತಂದು ಕಚ್ಚಿಸಿದ್ದಾರೆ ಅನ್ನುವ ಬೈಟ್, ಅಂದರೆ ಕಚ್ಚಿದ ಗುರುತು. ಸಾಮಾನ್ಯವಾಗಿ ಆ ಮನುಷ್ಯ ದವಡೆ ಎಷ್ಟು ಮುಂದೆ ಚಾಚಬಲ್ಲನೋ ಅದರ ಅರ್ಧ, ಅಥವಾ ಸ್ವಲ್ಪ ಜಾಸ್ತಿ. ಅಚ್ಚಿನಿಂದ ಮಾಡಿದ ಹಲ್ಲಿನ ಮಾಡೆಲ್ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಶೀಟ್ ಒತ್ತಿ, ಅಂಚು ಕತ್ತರಿಸಿ, ಎರಡೂ ಪಕ್ಕ ಸಣ್ಣ ಸ್ಕ್ರೂ ಕೂರಿಸಬೇಕು. ಆ ಸ್ಕ್ರೂ ತಿರುಗಿಸಿದರೆ ದವಡೆ ಚೂರು ಚೂರೇ ಮುಂದೆ ಬರುತ್ತದೆ, ಡಾಕ್ಟರು ಹೇಳಿದ ಲೆಕ್ಕದಲ್ಲಿ. ಅಂಚಿನಲ್ಲಿ ಕೂದಲೆಳೆಯಷ್ಟು ಒರಟು ಉಳಿದರೂ ವಸಡಿಗೆ ಗಾಯ. ನಾನು ಪಾಲಿಶ್ ಮಾಡಿದ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ ನೋಡುತ್ತೇನೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ಇಷ್ಟೆಲ್ಲ ಇರುವಾಗ ಜನ ಮಾಡುವುದೇನು? ಆನ್‌ಲೈನಲ್ಲಿ ಬಿಸಿನೀರಲ್ಲಿ ಅದ್ದಿ ಕಚ್ಚುವ ರೆಡಿಮೇಡ್ ತರಿಸುತ್ತಾರೆ. ಕೆಲವದಕ್ಕೆ ಸೈಜೂ ಒಂದೇ. ಎಲ್ಲರ ಬಾಯಿಯೂ ಒಂದೇ ಅಂತ ಯಾವ ಬ್ರಹ್ಮ ಹೇಳಿದನೋ. ರಾತ್ರಿ ಕಳಚಿ ದಿಂಬಿನ ಕೆಳಗೆ ಸೇರುತ್ತದೆ, ಇಲ್ಲ ಎರಡೇ ಹಲ್ಲಿಗೆ ಭಾರ ಬಿದ್ದು ನೋವು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಸದ್ದು ಕಮ್ಮಿಯಾಗಬಹುದು, ಉಸಿರು ಕಟ್ಟುವುದು ಹಾಗೇ ಉಳಿಯಬಹುದು. ಮನೆಯವರು ಖುಷ್. ಫೈವ್ ಸ್ಟಾರ್ ರಿವ್ಯೂ ಬರೆಯುತ್ತಾರೆ. ಒಳಗೆ ಆಮ್ಲಜನಕ ಇಳಿಯುತ್ತಲೇ ಇರುತ್ತದೆ. ಮತ್ತೆ ಅದೇ: ಸದ್ದು ನಿಂತರೆ ಸಾಕು ನಮಗೆ.

"ಎಲ್ಲದಕ್ಕೂ ಕಾಯಿಲೆ ಅಂತ ಹೆಸರಿಟ್ಟು ದುಡ್ಡು ಹೊಡೀತೀರಿ, ನಮ್ಮಜ್ಜ ಗೊರಕೆ ಹೊಡೆಯುತ್ತಲೇ 90 ದಾಟಿದರು" ಅಂತ ಕಾಮೆಂಟ್ ಹಾಕುವವರು ಬಂದೇ ಬರುತ್ತೀರಿ, ಗೊತ್ತು. ನಿಜ, ಎಲ್ಲ ಗೊರಕೆಯೂ ಕಾಯಿಲೆಯಲ್ಲ. ನೆಗಡಿಗೂ ಬರುತ್ತದೆ, ಕುಡಿದು ಮಲಗಿದರೂ ಬರುತ್ತದೆ. ತೂಕ ಇಳಿಸಿದರೆ, ಮಗ್ಗುಲಾಗಿ ಮಲಗಿದರೆ ಎಷ್ಟೋ ಜನಕ್ಕೆ ಕಮ್ಮಿಯಾಗುತ್ತದೆ. ಸಾಧನ ಎಲ್ಲರಿಗೂ ಆಗುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಹಲ್ಲು ಅಲ್ಲಾಡುತ್ತಿದ್ದರೆ, ಹಿಡಿತಕ್ಕೆ ಸಾಕಷ್ಟು ಹಲ್ಲೇ ಇಲ್ಲದಿದ್ದರೆ, ದವಡೆ ಕೀಲಿನ ತೊಂದರೆ ಇದ್ದರೆ ಕಷ್ಟ. ತೀವ್ರವಾದ ಅಪ್ನಿಯಾಗೆ ಮೊದಲು ಹೇಳುವುದು ಮಾಸ್ಕಿನಲ್ಲಿ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವನ್ನೇ, ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಜಗತ್ತಿಗೆ ತೋರಿಸಿದ್ದು. ಅದು ಒಗ್ಗದವರಿಗೆ, ಸೌಮ್ಯ ಅಥವಾ ಮಧ್ಯಮ ಇರುವವರಿಗೆ ನಮ್ಮದು. ಆದರೆ ನಿಮ್ಮಜ್ಜನ ಪಕ್ಕದಲ್ಲಿ ಮಲಗುತ್ತಿದ್ದವರು ಯಾರು ಅಂತ ಕೇಳಿದ್ದೀರಾ? ನಮ್ಮಜ್ಜಿ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಳು. "ಅವಳಿಗೆ ಅಲ್ಲೇ ತಂಪು" ಅಂತಿದ್ದರು ಮನೆಯಲ್ಲಿ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ನಾನೂ ಗೊರಕೆ ಹೊಡೆಯುತ್ತೇನೆ.

ಗಂಡಸಿನ ಗೊರಕೆ ಜೋಕು, ಹೆಂಗಸಿನದು ಅವಮಾನ. ಅದಕ್ಕೇ ಛತ್ರದಲ್ಲಿ ಎಲ್ಲರ ಜೊತೆ ಮಲಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ತಿಂಗಳ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಜಾಸ್ತಿಯಾಗುತ್ತದೆ. ಎಷ್ಟೋ ಹೆಂಗಸರು ಡಾಕ್ಟರ ಹತ್ತಿರ ಗೊರಕೆಯ ಮಾತೇ ಎತ್ತುವುದಿಲ್ಲ. ಸುಸ್ತು, ತಲೆನೋವು, ನಿದ್ದೆ ಬರಲ್ಲ ಅನ್ನುತ್ತಾರೆ. ರಕ್ತ ಕಮ್ಮಿ, ಥೈರಾಯ್ಡ್, ಟೆನ್ಷನ್ ಅಂತ ಸುತ್ತಿ ಸುತ್ತಿ ಬರುತ್ತದೆ ಉತ್ತರ. ನನಗೂ ಹಾಗೇ ಆಯಿತು. ಕೊನೆಗೆ ನಿದ್ದೆಯ ಪರೀಕ್ಷೆ, ಅಂದರೆ ಮಲಗಿದಾಗಿನ ಉಸಿರು ಅಳೆಯುವ ಪರೀಕ್ಷೆ, ಮಾಡಿಸಿದಾಗ ಸೌಮ್ಯ ಅಪ್ನಿಯಾ ಅಂತ ಬಂತು. ಈಗ ನನ್ನದನ್ನೇ ನಾನು ಪಾಲಿಶ್ ಮಾಡಿ ಹಾಕಿಕೊಂಡಿದ್ದೇನೆ. ಮೊದಮೊದಲು ಜೊಲ್ಲು ಸುರಿದು ದಿಂಬಿನ ಕವರ್ ಒದ್ದೆ. ಎದ್ದ ತಕ್ಷಣ ಹಿಂದಿನ ಹಲ್ಲು ಒಂದಕ್ಕೊಂದು ತಾಗುವುದೇ ಇಲ್ಲ, ದವಡೆ ಯಾರದೋ ಅನ್ನಿಸುತ್ತದೆ. ತಿಂಡಿ ತಿನ್ನುವ ಹೊತ್ತಿಗೆ ಸರಿಹೋಗುತ್ತದೆ. ವರ್ಷಗಟ್ಟಲೆ ಹಾಕಿದರೆ ಹಲ್ಲುಗಳು ಸ್ವಲ್ಪ ಸರಿಯಬಹುದು, ಅದಕ್ಕೇ ಆಗಾಗ ಡಾಕ್ಟರಿಗೆ ತೋರಿಸುತ್ತಲೇ ಇರಬೇಕು. ಅತ್ತೆಮನೆಯವರು ಇದನ್ನು ಓದಿದರೆ ಓದಲಿ ಬಿಡಿ.

ಈಗ ಇನ್‌ಬಾಕ್ಸಿಗೆ ಬಂದು "ಅಕ್ಕಾ, ನಮ್ಮೆಜಮಾನ್ರಿಗೂ ಒಂದು ಮಾಡಿ ಕೊರಿಯರ್ ಮಾಡಿ" ಅನ್ನಬೇಡಿ. ಮಾಡಲ್ಲ. ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರೋ ಶ್ವಾಸಕೋಶದ ಡಾಕ್ಟರೋ ನೋಡಲಿ, ನಿದ್ದೆಯ ಪರೀಕ್ಷೆ ಆಗಲಿ. ಬೇಕು ಅಂತಾದರೆ ದಂತವೈದ್ಯರು ಅಳತೆ ತೆಗೆದು ಕಳಿಸುತ್ತಾರೆ. ಹಾಕಿಕೊಂಡ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಉಸಿರು ಸರಿಹೋಗಿದೆಯಾ ಅಂತ. ಮಾವನನ್ನು ಸೋಮವಾರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಕಾರು ಮಾತ್ರ ನಾನು ಓಡಿಸುತ್ತೇನೆ ಅಂದಿದ್ದಕ್ಕೆ ಈಗಲೇ ಮುನಿಸಿಕೊಂಡಿದ್ದಾರೆ.