ಜೀಪಿನ ಅಡಿಗೆ ಅರ್ಧ ಗಂಟೆ

ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಮನೆಗಳಲ್ಲಿ ಹಳೇ ಜೀಪಿನ ಜಾಗ ಸಾಮಾನ್ಯವಾಗಿ ಒಂದೇ. ಕೊಟ್ಟಿಗೆಗೆ ತಾಗಿದ ತಗಡಿನ ಮಾಡು, ಒಂದು ಬದಿಗೆ ಅಡಕೆ ಚೀಲ, ಇನ್ನೊಂದು ಬದಿಗೆ ದೋಟಿ, ಬಾನೆಟ್ಟಿನ ಮೇಲೆ ಬೆಕ್ಕು. ಭಾನುವಾರ ತೆಳ್ಳೇವು ತಿಂದು, "ಅರ್ಧ ಗಂಟೆ ಕೆಲಸ, ಆಯಿಲ್ ಬದಲಿಸಿ ಬತ್ತಿ" ಎಂದು ಅದರ ಅಡಿಗೆ ನುಸುಳಿದ ಮನುಷ್ಯ ಮಧ್ಯಾಹ್ನದ ಊಟಕ್ಕೆ ಎದ್ದು ಬಂದ ದಾಖಲೆ ಇಲ್ಲ.

ಎಡವಟ್ಟು ಶುರುವಾಗುವುದು ಆಕ್ಸಲಿನ ಆಯಿಲಿನಿಂದಲೇ. ಅದರ ಕವಚಕ್ಕೆ, ಅಂದರೆ ಹೌಸಿಂಗಿಗೆ, ಸಾಮಾನ್ಯವಾಗಿ ಎರಡು ಪ್ಲಗ್ ಇರುತ್ತವೆ. ಕೆಳಗಿನದು ಇಳಿಸಲಿಕ್ಕೆ, ಮೇಲಿನದು ತುಂಬಲಿಕ್ಕೆ. ಉತ್ಸಾಹಿಗಳು ಕೆಳಗಿನದಕ್ಕೇ ಮೊದಲು ಕೈ ಹಾಕುತ್ತಾರೆ. ಹಳೇ ಆಯಿಲೆಲ್ಲ ಬಾಲ್ದಿಗೆ ಇಳಿದ ಮೇಲೆ, ಮೇಲಿನ ಪ್ಲಗ್ಗು ಯಾರೋ ಪುಣ್ಯಾತ್ಮರು ವೆಲ್ಡಿಂಗ್ ಮಾಡಿದ ಹಾಗೆ ಕೂತಿರುವುದು ಗೊತ್ತಾಗುತ್ತದೆ. ಪಾನಾ ಜಾರುತ್ತದೆ, ಪ್ಲಗ್ಗಿನ ಮೂಲೆ ಸವೆದು ಉರುಟಾಗುತ್ತದೆ. ಈಗ ಗಾಡಿಯಲ್ಲಿ ಆಯಿಲ್ ಇಲ್ಲ, ಹಾಕುವ ದಾರಿಯೂ ಇಲ್ಲ. ಜಗಲಿಯಿಂದ ಪ್ರಶ್ನೆ ಬರುವುದು ಆಗಲೇ: "ಅಲ್ದೋ ತಮಾ, ಹೋಗ್ತಾ ಇತ್ತಲ ಅದು, ಎಂತಕ್ಕೆ ಮುಟ್ಟಿದ್ದು?"

ಆದ್ದರಿಂದ ತುಂಬುವ ಪ್ಲಗ್ಗು ಮೊದಲು. ಅದು ಬಿಚ್ಚಿದರೆ ಮಾತ್ರ ಕೆಳಗಿನದು. ಹತ್ತಾರು ಕಿಲೋಮೀಟರ್ ಓಡಿಸಿ ಬಂದು, ಆಯಿಲ್ ಬೆಚ್ಚಗಿರುವಾಗಲೇ ಇಳಿಸಿದರೆ ಕೆಸರೂ ಜೊತೆಗೆ ಬರುತ್ತದೆ. ಹೊಸದನ್ನು ತುಂಬುವಾಗ ಲೀಟರ್ ಲೆಕ್ಕ ಬೇಡ. ಗಾಡಿ ಸಮನೆಲದಲ್ಲಿರಬೇಕು, ಆಯಿಲ್ ತುಂಬುವ ರಂಧ್ರದ ಕೆಳ ಅಂಚಿಗೆ ಬಂದು ಹೊರಚೆಲ್ಲಲು ತೊಡಗಿದರೆ ಸಾಕು. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 90 ನಂಬರ್ ಆಯಿಲ್. ಆಕ್ಸಲಿಗೆಂದು ತಂದ ಜಿಎಲ್-5 ಉಳಿಯಿತಲ್ಲ ಎಂದು ಅದನ್ನೇ ಅಲ್ಲಿಗೂ ಸುರಿದರೆ, ಅದರಲ್ಲಿರುವ ಗಂಧಕದ ಅಂಶ ಒಳಗಿನ ಹಿತ್ತಾಳೆಯ ಉಂಗುರಗಳನ್ನು ನಿಧಾನಕ್ಕೆ ತಿನ್ನುತ್ತದೆ. ಆಮೇಲೆ ಗೇರ್ ಹಾಕಿದಾಗಲೆಲ್ಲ ಅಡಕೆ ಕತ್ತರಿಸಿದ ಸದ್ದು.

ಬಾಲ್ದಿಗೆ ಇಳಿದ ಆಯಿಲ್ ಹಾಲು ಹಾಕಿದ ಕಷಾಯದ ಬಣ್ಣದಲ್ಲಿದ್ದರೆ ಒಳಗೆ ನೀರು ಹೋಗಿದೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿ ಎಳೆದುಕೊಳ್ಳಲೆಂದೇ ಹೌಸಿಂಗಿನ ನೆತ್ತಿಯ ಮೇಲೆ ಬ್ರೀದರ್ ಎಂಬ ಪುಟ್ಟ ಟೊಪ್ಪಿ ಇದೆ. ನಮ್ಮ ಕೆಂಪು ಮಣ್ಣು ಅದನ್ನು ಮೊದಲ ಮಳೆಗಾಲದಲ್ಲೇ ಮುಚ್ಚಿಬಿಡುತ್ತದೆ. ಆಕ್ಸಲ್ ಆಗ ಸೀಲಿನ ಸಂದಿಯಿಂದ ನೀರನ್ನೇ ಹೀರುತ್ತದೆ. ಬಿಸಿಯಾದಾಗ ಒತ್ತಡ ಹೆಚ್ಚಿ ಅದೇ ಸಂದಿಯಿಂದ ಆಯಿಲನ್ನು ಉಗುಳುತ್ತದೆ. ಜನ ಮಾತ್ರ ವರ್ಷಕ್ಕೆರಡು ಸಲ ಸೀಲ್ ಬದಲಿಸುತ್ತ ಸೀಲ್ ಮಾಡಿದವರನ್ನು ಬೈಯುತ್ತಿರುತ್ತಾರೆ. ಟೊಪ್ಪಿ ಬಿಚ್ಚಿ ತೊಳೆಯಿರಿ. ಅದಕ್ಕಿಂತ ಒಳ್ಳೆಯದು, ಅದರ ಜಾಗಕ್ಕೆ ನಳಿಗೆ ಕೂರಿಸಿ, ಆಯಿಲಿಗೆ ಮೆತ್ತಗಾಗದ ಡೀಸೆಲ್ ಪೈಪೊಂದನ್ನು ಬಾನೆಟ್ಟಿನ ಒಳಗೆ ಎತ್ತರಕ್ಕೆ ಒಯ್ದು ಕಟ್ಟಿ. ಆಕ್ಸಲ್ ಚಲಿಸುವಷ್ಟು ಪೈಪನ್ನು ಸಡಿಲ ಬಿಡಬೇಕು. ಹಳೇ ಜೀಪಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಇಷ್ಟು ಅಗ್ಗದ್ದು ಬೇರೊಂದಿಲ್ಲ. ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ಮಾಡಿಸುವುದಿಲ್ಲ.

ಚಕ್ರ ಬಿಚ್ಚುವುದೂ ಒಂದು ಪ್ರಹಸನವೇ. ಮಹೀಂದ್ರ 1947ರಲ್ಲಿ ಜೋಡಿಸಲು ತೊಡಗಿದ ವಿಲ್ಲಿಸ್ ವಂಶದ ಹಳೇ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳು ಎಡತಿರುವಿನವು. ಎಲ್ಲ ನಟ್ಟಿನಂತೆ ತಿರುಗಿಸಿದರೆ ಅವು ಬಿಗಿಯಾಗುತ್ತವೆ. ಇದು ಗೊತ್ತಿಲ್ಲದೆ ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ, ಅದರ ಮೇಲೆ ಮನೆಯ ಅತಿ ಭಾರದ ಭಾವನನ್ನು ನಿಲ್ಲಿಸಿದರೆ ನಟ್ಟು ಕೂರುವ ಸ್ಟಡ್ಡು ತುಂಡಾಗುತ್ತದೆ, ಭಾವ ನೆಲಕ್ಕೆ ಬರುತ್ತಾನೆ. ಸ್ಟಡ್ಡಿನ ತುದಿಯಲ್ಲಿ ಎಲ್ ಅಕ್ಷರ ಇದೆಯೋ ನೋಡಿ. ಅಕ್ಷರ ತುಕ್ಕಿನಲ್ಲಿ ಅಳಿಸಿದ್ದರೆ ಎಳೆ ಯಾವ ಕಡೆಗೆ ಏರುತ್ತದೆಂದು ನೋಡಿ. ತುಕ್ಕು ಹಿಡಿದ ಯಾವ ನಟ್ಟಿಗೂ ಹಿಂದಿನ ರಾತ್ರಿಯೇ ತಂತಿ ಬ್ರಷ್ ಹಾಕಿ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ಹನ್ನೆರಡು ಮೂಲೆಯದು ತಲೆ ಸವೆಸುವುದಕ್ಕೆ ಮಾತ್ರ ಒಳ್ಳೆಯದು.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ಅನರ್ಥದ ಮೂಲವೂ ಅದೇ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ದೂಡುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ಅಡಿಯಲ್ಲಿರುವವರು ಚಕ್ರದ ಹಿಂದೆ ಗಾಳಿ ಬಿಡಲಿಕ್ಕಿರುವ ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿ ಮಾಡಿ, "ಬಿಡು" ಎನ್ನಬೇಕು. ಒಳಗಿರುವ ಹುಡುಗನ ಒಂದು ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ನಿಪ್ಪಲ್ ಬಿಗಿಯಾಗುವ ಮೊದಲೇ ಕಾಲು ಎತ್ತುತ್ತಾನೆ, ಹೋದ ಗಾಳಿ ಬಂಧುಬಳಗ ಕಟ್ಟಿಕೊಂಡು ವಾಪಸು ಬರುತ್ತದೆ. ನಿಪ್ಪಲಿಗೆ ಪೈಪು ಸಿಕ್ಕಿಸಿ, ಅದರ ತುದಿಯನ್ನು ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟರೆ ಅವನ ತಪ್ಪು ಸ್ವಲ್ಪ ಮಾಫ್ ಆಗುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿಗೆಯೂ ಒದ್ದೆ ಎನಿಸುವ ಊರಿನಲ್ಲಿ, ಡಬ್ಬ ತೆರೆದು ಅಟ್ಟದ ಮೇಲೆ ಇಟ್ಟಿದ್ದು ಮುಂದಿನ ವರ್ಷಕ್ಕೆ ಬಾರದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಪೇಂಟಿಗೆ ಬಿದ್ದರೆ ತಕ್ಷಣ ನೀರು ಹಾಕಿ.

ಸುಧಾರಣೆಯ ಹುಚ್ಚು ಹೆಚ್ಚಾಗಿ ಲೈಟಿನಿಂದ ಹತ್ತುತ್ತದೆ. ದೇವಿಮನೆ ಘಟ್ಟದ ಮಂಜಿನಲ್ಲಿ ಹಳೇ ಲೈಟು ಲಾಟೀನಿನಷ್ಟೇ. ಎರಡು 100 ವ್ಯಾಟಿನ ಬಲ್ಬು ತಂದು ಹಳೇ ವೈರಿಗೇ ಸಿಕ್ಕಿಸಿದರೆ, 12 ವೋಲ್ಟಿನಲ್ಲಿ ಒಂದೊಂದು 8 ಆಂಪಿಯರ್ ಮೀರಿ ಎಳೆದು, ಎಲ್ಲ ಹೊರೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೇಲೆ ಬೀಳುತ್ತದೆ. ಮೊದಲು ಸ್ವಿಚ್ಚು ಕರಗುತ್ತದೆ, ಆಮೇಲೆ ಎದುರು ಬಂದವರು ಬೈಯುತ್ತಾರೆ. ರಸ್ತೆಗೆ 60/55 ವ್ಯಾಟೇ ಸರಿ. ಅದನ್ನೇ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಮೂಲಕ ಕೊಟ್ಟರೆ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ರಿಲೇಯ 30 ನಂಬರಿನ ಕಾಲಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರು, 87ರಿಂದ ಲೈಟಿಗೆ, 86ಕ್ಕೆ ಹಳೇ ಸ್ವಿಚ್ಚಿನ ವೈರು, 85 ಅರ್ಥಿಗೆ, ಅಂದರೆ ಗಾಡಿಯ ಕಬ್ಬಿಣಕ್ಕೆ. ಹೈ ಬೀಮಿಗೆ ಒಂದು ರಿಲೇ, ಲೋ ಬೀಮಿಗೆ ಒಂದು. ಅರ್ಥ್ ಕೂರುವಲ್ಲಿ ಪೇಂಟ್ ಕೆರೆದು ಬರಿ ಕಬ್ಬಿಣ ಕಾಣಬೇಕು. ಅರ್ಧ ಜೀಪುಗಳ ಕರೆಂಟಿನ ರೋಗ ಇದೊಂದೇ.

ದೊಡ್ಡ ಟೈರಿನ ಆಸೆ ಇನ್ನೂ ಖರ್ಚಿನದು. ಟೈರಿನ ಎತ್ತರ ಶೇ. 10 ಹೆಚ್ಚಿದರೆ ಮೀಟರ್ 50 ತೋರಿಸುವಾಗ ಗಾಡಿ 55ರಲ್ಲಿರುತ್ತದೆ. ಮಹೀಂದ್ರದ ಎಂಎಂ 540 ಜೀಪಿನ 2112 ಸಿಸಿ ಪ್ಯೂಜೋ ಎಂಜಿನ್ನು ಏರಿನಲ್ಲಿ ಒಂದು ಗೇರ್ ಕಡಿಮೆ ಕೇಳುತ್ತದೆ, ಬ್ರೇಕ್ ಸಾಲುವುದಿಲ್ಲ, ಸ್ಟಿಯರಿಂಗ್ ತಿರುಗಿಸಲು ಅದೇ ಭಾವನನ್ನು ಕರೆಯಬೇಕು. ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆಂದು, ಸ್ಪ್ರಿಂಗ್ ಪಟ್ಟಿಯ ತುದಿ ಹಿಡಿದಿರುವ ಶ್ಯಾಕಲ್ ಉದ್ದ ಮಾಡಿದರೆ ಆಕ್ಸಲಿನ ಕೋನ ಬದಲಾಗಿ ಗಾಡಿ ತೇಲಾಡುತ್ತದೆ. ಇಷ್ಟೆಲ್ಲ ಆದ ಮೇಲೆ ಆರ್‌ಟಿಒ ಎದುರು ನಿಲ್ಲಬೇಕು. ಕಂಪನಿಯ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆ ಕೂಡದೆಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ತುಕ್ಕಿನ ವಿಷಯದಲ್ಲಿ ಘಟ್ಟದ ಮೇಲಿನವರು ಪುಣ್ಯವಂತರು. ಕಾರವಾರದಲ್ಲಿ ಉಪ್ಪುಗಾಳಿ ಸಾಲದೆಂಬಂತೆ, ಅಲ್ಲಿನ ಮೀನುಬಂದರು ಬೈತಖೋಲದಲ್ಲಿ ಮೀನು ಹೇರಿದ ಗಾಡಿಯ ನೆಲಕ್ಕೆ ಐಸು ಕರಗಿದ ಉಪ್ಪುನೀರೂ ಇಳಿಯುತ್ತದೆ. ನೆಲದ ತಗಡಿನ ಅಡಿಗೆ ಅಡ್ಡಪಟ್ಟಿಗಳಿವೆ. ನೀರು ನಿಂತು ತಿನ್ನುವುದು ಅಲ್ಲೇ, ಮೇಲಿಂದ ಕಾಣದು. ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿ, ಅಡಿಯನ್ನು ಸಿಹಿನೀರಿನಲ್ಲಿ ತೊಳೆಯಿರಿ. ತುಕ್ಕಿನ ಮೇಲೆಯೇ ಕಪ್ಪು ಕೋಟಿಂಗ್ ಬಳಿದರೆ ತೇವ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಸುಟ್ಟ ಆಯಿಲ್ ಸಿಂಪಡಿಸಿದರೆ ರಬ್ಬರ್ ಬುಶ್ಶುಗಳು ಊದಿಕೊಳ್ಳುತ್ತವೆ. ಕೆರೆದು, ಎಮರಿ ಹಾಕಿ, ಪ್ರೈಮರ್ ಹೊಡೆದು, ಮೇಲೆ ಪೇಂಟ್. ಈ ನಾಲ್ಕೂ ಒಣ ಹವೆಯಿರುವ ಫೆಬ್ರವರಿ, ಮಾರ್ಚಿನಲ್ಲೇ ಮುಗಿಯಬೇಕು.

ಮುಗಿಯುವುದಿಲ್ಲ. ಅಡಕೆ ಸುಲಿತ ಮುಗಿಯಲಿ, ಮದುವೆಗಳು ಕಳೆಯಲಿ ಎನ್ನುವಷ್ಟರಲ್ಲಿ ಮೇ ಕೊನೆಯಾಗಿ, ರೆಡ್ ಆಕ್ಸೈಡ್ ಎಂಬ ಕೆಂಪು ಪ್ರೈಮರ್ ಹೊಡೆದ ಮಾರನೇ ದಿನ ಮಳೆ ಹಿಡಿಯುತ್ತದೆ. ಪ್ರೈಮರ್ ನೀರು ತಡೆಯುವ ಪದಾರ್ಥವಲ್ಲ, ತೇವ ಅದರೊಳಗೆ ಇಳಿಯುತ್ತದೆ. ಆದರೂ ಆರ್‌ಸಿಯಲ್ಲಿ ಬಿಳಿ ಎಂದಿರುವ ಎಷ್ಟೋ ಜೀಪುಗಳು ಕೆಂಪು ಬಣ್ಣದಲ್ಲೇ ಮೂರು ಚೌತಿ ಕಂಡಿವೆ. ಕೇಳಿದರೆ, "ಅಡ್ಡಿಲ್ಲೆ, ಪೇಂಟ್ ಅರ್ಧ ಗಂಟೆ ಕೆಲಸ."